ನಮ್ಮ ಪನ್ಹಳ ಯಾಕೆ ತುಂಬುತ್ತಿತ್ತು

ಅವ್ವನ ಹಲಸಿನ ಮರ ಕಡಿದದ್ದು ನಾನು ಹೇಳಿದ ಸಾಕ್ಷಿಯ ಮೇಲೆ. ಆಗ ನನಗೆ ಹತ್ತು ವರ್ಷ. ಸುಳ್ಳು ಹೇಳಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ, ಕಂಡದ್ದನ್ನು ಕಂಡಂತೆ ಹೇಳಿದೆ. ಆದರೆ ವರ್ಷದೊಳಗೆ ಬೇರೆಯೇ ಸಂಗತಿ ಗೊತ್ತಾಯಿತು. ಬೆಳಗಾವಿಯ ಶಿವಬಸವ ನಗರದ ನನ್ನ ಈಗಿನ ಮನೆಯಲ್ಲಿ ಮೊದಲ ಜೋರು ಮಳೆ ಹಿಡಿದಾಗ ಗಂಡ, ಮಕ್ಕಳು ಭಜಿ ಕರಿ ಅನ್ನುತ್ತಾರೆ. ನಾನು ಕೊಡೆ ಹಿಡಿದು ಅಂಗಳಕ್ಕೆ ಹೋಗಿ ಕತ್ತೆತ್ತಿ ಮಾಡಿನ ಅಂಚು ನೋಡುತ್ತ ನಿಲ್ಲುತ್ತೇನೆ. ನೀರು ಕೊಳವೆಯಲ್ಲಿ ಇಳಿಯುತ್ತಿದೆಯೋ, ಅಂಚು ದಾಟಿ ಗೋಡೆಗೆ ಹೊಡೆಯುತ್ತಿದೆಯೋ ಎಂದು ನೋಡದೆ ಒಳಗೆ ಬರಲು ನನ್ನಿಂದಾಗದು. ಮಕ್ಕಳು ನಗುತ್ತಾರೆ. ನಗಲಿ. ಅವರು ನಾನು ಬೆಳೆದ ಹಿಂದವಾಡಿಯ ಆ ಮನೆ ನೋಡಿದವರಲ್ಲ.

ಅದು ಮಣ್ಣಿನ ಗೋಡೆಯ, ಹಂಚಿನ ಮನೆ. ಅಡುಗೆಮನೆಯನ್ನು ಆಮೇಲೆ ಕಟ್ಟಿ ಸೇರಿಸಿದ್ದರು. ಕಟ್ಟಿದವನು ಯಾವ ಧ್ಯಾನದಲ್ಲಿದ್ದನೋ, ಅದರ ಮಾಡನ್ನು ಹಿತ್ತಲ ಕಡೆ ಇಳಿಸುವುದು ಬಿಟ್ಟು ದೊಡ್ಡ ಮನೆಯ ಗೋಡೆಯ ಕಡೆಗೇ ಇಳಿಸಿದ್ದ. ಹೀಗಾಗಿ ಅಡುಗೆಮನೆಯ ಮೇಲೆ ಬಿದ್ದ ನೀರೆಲ್ಲ ಬಂದು ಆ ಗೋಡೆಯ ಬುಡಕ್ಕೆ ಕೂಡುತ್ತಿತ್ತು. ಅಲ್ಲಿ ಗೋಡೆಗೆ ಹೊಂದಿಸಿ ಒಂದು ಉದ್ದನೆಯ ತಗಡಿನ ಕಾಲುವೆ ಇತ್ತು. ಮಾಡಿನ ನೀರು ಹಿಡಿದು ಒಯ್ಯುವ ಇಂಥ ಕಾಲುವೆಗೆ ಬಾಜು ಮನೆಯ ಮರಾಠಿಯವರು ಪನ್ಹಳ ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಪನ್ಹಳದ ತುದಿಯಿಂದ ಒಂದು ಕೊಳವೆ ಇಳಿದು ಹಿತ್ತಲಿನ ಸಿಮೆಂಟಿನ ಟಾಕಿಗೆ ಬೀಳುತ್ತಿತ್ತು. ನೀರು ಹರಿದುಹೋದರೆ ಎಲ್ಲವೂ ಸರಿ. ಎಲ್ಲಾದರೂ ಕಟ್ಟಿಕೊಂಡರೆ ಮಾತ್ರ ತುಂಬಿ ಚೆಲ್ಲಿ ನೇರ ನಡುಮನೆಯ ಮಣ್ಣಿನ ಗೋಡೆಯೊಳಗೇ ಇಳಿಯುತ್ತಿತ್ತು. ನಡುಮನೆಯಲ್ಲಿ ಅವ್ವ, ನಾನು, ನನ್ನ ತಮ್ಮ ಮಲಗುತ್ತಿದ್ದೆವು. ಪನ್ಹಳದ ನೇರ ಮೇಲೆ ಅಟ್ಟದ ಸಣ್ಣ ಕಿಟಕಿ. ಅದರಿಂದ ಕೈ ಚಾಚಿದರೆ ತಗಡು ಸಿಗುತ್ತಿತ್ತು, ಆದರೆ ಆ ಕಿಟಕಿಯಲ್ಲಿ ತೂರುವಷ್ಟು ಸಣ್ಣವಳು ಮನೆಯಲ್ಲಿ ನಾನೊಬ್ಬಳೇ.

ಮನೆಯ ನಿಯಮಗಳೆಲ್ಲ ಆಯಿಯವು. ಆಯಿ ಎಂದರೆ ಅಪ್ಪನ ತಾಯಿ. ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಮಳೆಗಾಲದ ನಾಲ್ಕು ತಿಂಗಳು ಸೊಪ್ಪು ತಿನ್ನುವ ಹಾಗಿಲ್ಲ, ಸೋಸದ ನೀರನ್ನು ಕಾಲು ತೊಳೆಯಲೂ ಬಳಸುವ ಹಾಗಿಲ್ಲ. ಬಾವಿಯ ನೀರನ್ನು ಬಿಳಿ ಅರಿವೆ ಮಡಚಿ ಎರಡು ಪದರ ಮಾಡಿ ಸೋಸುತ್ತಿದ್ದಳು. ಸೋಸಿದ ಮೇಲೆ ಅರಿವೆಯಲ್ಲಿ ಉಳಿದದ್ದನ್ನು ಕಂಡಕಂಡಲ್ಲಿ ಜಾಡಿಸುವಂತಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಸೋಸಿದ ನೀರಿನಿಂದಲೇ ಅರಿವೆಯನ್ನು ಒಂದು ತಂಬಿಗೆಯಲ್ಲಿ ಹಿಂಡದೆ ತೊಳೆದು, ಆ ತಂಬಿಗೆಯನ್ನು ಬಾವಿಗೆ ಮೆಲ್ಲಗೆ ಇಳಿಸಿ ಬಿಡಬೇಕು.

"ಎಲ್ಲಿಂದ ತಂದೀವಿ ಅಲ್ಲೇ ಬಿಡಬೇಕವ್ವಾ. ಬ್ಯಾರೆ ಕಡೆ ಚೆಲ್ಲಿದ್ರ ಸಾಯ್ತಾವು. ಆ ಪಾಪ ಯಾರು ಹೊರೂದು?"

ಹಿತ್ತಲಲ್ಲಿ ಟಾಕಿ ಕಟ್ಟಿಸಿದ್ದು ನಾನು ಸಾಲಿಗೆ ಹೋಗಲು ಶುರುಮಾಡಿದ ವರ್ಷ. ಮಳೆನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ಆಯಿಗೆ ಭಾರಿ ಖುಷಿ. ಕೊಳವೆಯ ಬಾಯಿಗೂ ಬಿಳಿ ಅರಿವೆ ಕಟ್ಟಿದಳು. ಮೊದಲ ಮಳೆ ನಿಂತ ಮೇಲೆ ಅರಿವೆ ಬಿಚ್ಚಿ ತಂಬಿಗೆಯಲ್ಲಿ ತೊಳೆದಳು. ತೊಳೆದದ್ದನ್ನು ಬಾವಿಗೆ ಬಿಡಲು ಕೈ ಬರಲಿಲ್ಲ, ಯಾಕೆಂದರೆ ಅವು ಬಾವಿಯಿಂದ ಬಂದ ಜೀವಗಳಲ್ಲ. ತಂಬಿಗೆಯನ್ನು ತುಳಸಿ ಕಟ್ಟೆಯ ಮೇಲಿಟ್ಟು ಮಧ್ಯಾಹ್ನದವರೆಗೂ ವಿಚಾರ ಮಾಡಿದಳು. ಕೊನೆಗೆ ನನ್ನನ್ನು ಕರೆದಳು.

"ಮುಗಿಲಿಗೆ ಒಯ್ದು ಬಿಡಾಕ ಬರೂದಿಲ್ಲ. ಅಟ್ಟಕ್ಕ ಹೋಗಿ ಪನ್ಹಳದಾಗ ಬಿಟ್ಟು ಬಾ. ಅಲ್ಲಿಂದ ಇಳದಾವು."

ಓದುವವರಿಗೆ ಈಗಲೇ ಹೊಳೆದಿರುತ್ತದೆ. ನಮಗೆ ವರ್ಷಗಟ್ಟಲೆ ಹೊಳೆಯಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರು, ಅವರಿಗೂ ಹೊಳೆಯಲಿಲ್ಲ! ಮಳೆ ಬಂದ ದಿನವೆಲ್ಲ ನಾನು ತಂಬಿಗೆ ಹಿಡಿದು ಏಣಿ ಹತ್ತಿ, ಅಟ್ಟದ ಧೂಳಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಕಿಟಕಿಯಿಂದ ತಲೆ ಹಾಕಿ, ಯಾವ ಜೀವಕ್ಕೂ ಪೆಟ್ಟಾಗದ ಹಾಗೆ ತಂಬಿಗೆ ಬಗ್ಗಿಸುತ್ತಿದ್ದೆ. ಕೊಳೆತ ಎಲೆ, ಹಂಚಿನ ಪಾಚಿ, ಹಕ್ಕಿಪುಕ್ಕ, ಕಪ್ಪು ರಾಡಿ. ಆರಿಸಿ ತೆಗೆಯುವ ಹಾಗಿರಲಿಲ್ಲ, ಯಾವ ಎಲೆಯ ಬೆನ್ನಿಗೆ ಯಾವ ಜೀವ ಅಂಟಿಕೊಂಡಿದೆಯೋ ಯಾರು ಬಲ್ಲರು. ಮಾರನೇ ದಿನದ ಮಳೆಗೆ ಅದೆಲ್ಲ ತೇಲಿ ಬಂದು ಮತ್ತೆ ಅರಿವೆಗೆ ಬೀಳುತ್ತಿತ್ತು, ನಾನು ಮತ್ತೆ ಮೇಲೆ ಒಯ್ಯುತ್ತಿದ್ದೆ. ತೇಲದಷ್ಟು ಭಾರದ್ದು ಪನ್ಹಳದಲ್ಲೇ ತಳ ಹಿಡಿಯುತ್ತಿತ್ತು. ನಾನು ತಂಬಿಗೆ ಹಿಡಿದು ಓಡಾಡುವುದನ್ನು ಎಲ್ಲರೂ ನೋಡುತ್ತಿದ್ದರು. ಅವ್ವನಿಗೆ ಮಾತ್ರ ಅದು ಬಾವಿಗೆ ಹೋಗುತ್ತದೆ ಎಂಬ ನಂಬಿಕೆ. ಅವಳ ತವರಿನಲ್ಲಿ ಯಾವಾಗಲೂ ಬಾವಿಗೇ ಹೋಗುತ್ತಿತ್ತು. ಅಟ್ಟದಲ್ಲಿ ನಾನು ಆಟವಾಡುತ್ತೇನೆ ಅಂದುಕೊಂಡಿದ್ದಳು. ಬಂದವರ ಮುಂದೆ ಆಯಿ ನನ್ನ ತಲೆ ಸವರಿ, "ಇಷ್ಟ ಸಣ್ಣಾಕಿ, ಒಂದ ದಿನಾನೂ ತಪ್ಪಸೂದಿಲ್ಲರಿ," ಎನ್ನುತ್ತಿದ್ದಳು. ಹೊಗಳಿಕೆ ಎಂದರೆ ನನಗೆ ಬೆಲ್ಲ. ಮನೆಯಲ್ಲಿ ನನ್ನಷ್ಟು ಒಳ್ಳೆಯವರು ಯಾರೂ ಇಲ್ಲವೆಂದೇ ನಾನು ತಿಳಿದಿದ್ದೆ.

ಅವ್ವನ ತವರು ಖಾನಾಪುರ. ಅಲ್ಲಿ ಮಳೆ ಶುರುವಾದರೆ ವಾರಗಟ್ಟಲೆ ಬಾಯಿ ಮುಚ್ಚುವುದಿಲ್ಲ. ಆದರೂ ಅಜ್ಜನ ಮನೆಗೆ ಪನ್ಹಳವೇ ಇರಲಿಲ್ಲ. ಹಂಚಿನ ಅಂಚು ಮುಂದೆ ಚಾಚಿರುತ್ತಿತ್ತು, ನೀರು ನೇರ ಕೆಳಗೆ ಕೆಂಪು ಕಲ್ಲು ಹಾಸಿದ ಕಾಲುವೆಗೆ ಬಿದ್ದು ಗದ್ದೆಗೆ ಹೋಗುತ್ತಿತ್ತು. ಸೋದರಮಾವ ನಮ್ಮ ಮನೆಗೆ ಬಂದಾಗಲೆಲ್ಲ ಗೋಡೆಯ ತೇವ ಮುಟ್ಟಿ ನೋಡಿ, "ಬೆಳಗಾವಿ ಮಂದಿ ಶಾಣ್ಯಾರು, ನೀರ ತಡದು ನಿಲ್ಲಿಸಿ ಗ್ವಾಡಿಗೆ ಕುಡಸ್ತೀರಿ," ಎಂದು ಚಾಷ್ಟಿ ಮಾಡುತ್ತಿದ್ದ. ಆಯಿಗೆ ಅದು ಸೇರುತ್ತಿರಲಿಲ್ಲ. ಹಲಸಿನ ಬೀಜ ತಂದದ್ದೂ ಆ ಖಾನಾಪುರದಿಂದಲೇ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅವ್ವ ಅದನ್ನು ಅಡುಗೆಮನೆಯ ಹಿಂದೆ ಊರಿದ್ದಳು, ಯಾರನ್ನೂ ಕೇಳದೆ. ಉಪ್ಪಿಟ್ಟಿಗೆ ಶೇಂಗಾ ಹಾಕಬೇಕೋ ಬೇಡವೋ ಎಂಬುದನ್ನೂ ಅತ್ತೆಯನ್ನು ಕೇಳುತ್ತಿದ್ದ ಅವ್ವ ಆ ಮನೆಯಲ್ಲಿ ಕೇಳದೆ ಮಾಡಿದ ಕೆಲಸ ಅದೊಂದೇ. ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಮರ ಮೊದಲ ಹಣ್ಣು ಬಿಟ್ಟಿತು, ಒಂದೇ ಒಂದು, ಬುಡದಲ್ಲಿ ನೆಲಕ್ಕೆ ತಾಗುವಂತೆ. ಅವ್ವ ಕೈಗೆ ಎಣ್ಣೆ ಸವರಿಕೊಂಡು ಅಂಗಳದ ನಡುವೆ ಕುಳಿತು ಅದನ್ನು ಬಿಡಿಸಿದಳು. ಅಷ್ಟು ಗಟ್ಟಿಯಾಗಿ ನಗುತ್ತಿದ್ದ ಅವ್ವನನ್ನು ನಾನು ಅದೇ ಮೊದಲು ನೋಡಿದ್ದು. ಆಯಿ ತಾನೂ ಎಂಟು ತೊಳೆ ತಿಂದು, ಬಸದಿಯ ಓಣಿಯವರಿಗೆಲ್ಲ ಕಳಿಸಿದಳು.

ಹಣ್ಣಿನ ಮಾತು ಬೇರೆ, ಎಲೆಯ ಮಾತು ಬೇರೆ. ಮರ ಮಾಡಿನೆತ್ತರ ಬೆಳೆದದ್ದೂ ಟಾಕಿ ಕಟ್ಟಿಸಿದ ಹೊತ್ತಿಗೇ, ಗೋಡೆ ಒದ್ದೆಯಾಗಲು ಶುರುವಾದದ್ದೂ ಆಗಲೇ. ಹೀಗಾಗಿ ತಪ್ಪು ಹಲಸಿನದೇ ಎಂದು ಆಯಿಗೆ ಖಾತ್ರಿ. ಪ್ರತಿ ವರ್ಷ ಮಳೆಗೆ ಮುಂಚೆ ಹತ್ತಿರದ ಮಚ್ಛೆಯಿಂದ ತಗಡಿನ ಕೆಲಸದ ಪರಶು ಮಾಮಾ ಬಂದು ಪನ್ಹಳದ ಕಸವನ್ನೆಲ್ಲ ಬಳಿದು ತೆಗೆದು, ಇಳಿಜಾರು ಸರಿ ಇದೆಯೇ ಎಂದು ಒಂದು ಕೊಡ ನೀರು ಸುರಿದು ನೋಡುತ್ತಿದ್ದ. ನೀರು ಸಳಸಳ ಹರಿಯುತ್ತಿತ್ತು. ಮಳೆ ಹಿಡಿದ ಹದಿನೈದು ದಿನಕ್ಕೆ ಪನ್ಹಳ ಮತ್ತೆ ತುಂಬಿರುತ್ತಿತ್ತು. ಅಷ್ಟರಲ್ಲಿ ಚಾತುರ್ಮಾಸ ಶುರು. ನಾಲ್ಕು ತಿಂಗಳು ಜೀವ ಹುಟ್ಟಿಕೊಂಡ ಕಡೆ ಯಾರೂ ಕೈ ಹಾಕಕೂಡದೆಂದು ಆಯಿಯ ಕಟ್ಟಪ್ಪಣೆ. ಅವ್ವ ದಿನಾ ಬೆಳಿಗ್ಗೆ ಬಿದಿರಿನ ಗಳಕ್ಕೆ ಕಸಬರಿಗೆ ಕಟ್ಟಿ ಮಾಡಿನ ಮೇಲಿನ ಎಲೆಗಳನ್ನು ಕೆಳಗೆ ಎಳೆದು ಹಾಕುತ್ತಿದ್ದಳು. ಆದರೂ ಗೋಡೆಯಲ್ಲಿ ಕಪ್ಪು ಕಲೆ ಮೇಲೇರುತ್ತಲೇ ಇತ್ತು.

"ಖಾನಾಪುರದ ಎಲಿ ನಮ್ಮ ಗ್ವಾಡಿ ತಿನ್ನಾಕ ಹತ್ತ್ಯಾವು," ಎಂದು ಆಯಿ ಜಪಮಣಿ ಎಣಿಸುತ್ತಲೇ ಅನ್ನುತ್ತಿದ್ದಳು.

"ಎಲಿ ನಾ ದಿನಾ ತಗೀತೀನ್ರಿ ಅತ್ಯಾರ. ಬ್ಯಾರೆ ಏನೋ ಐತಿ ಅದು," ಎಂದು ಅವ್ವ ಒಲೆಯ ಮುಂದಿನಿಂದಲೇ ಅನ್ನುತ್ತಿದ್ದಳು. ಆ ಬೇರೆ ಏನೋ ಯಾವುದೆಂದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಗೋಡೆ ಬಿದ್ದದ್ದು ಆ ಮೊದಲ ಹಣ್ಣಿನ ವರ್ಷ, ಮಳೆಗಾಲದ ಒಂದು ಸಂಜೆ ಊಟದ ಹೊತ್ತಿಗೆ. ಹೊತ್ತು ಮುಳುಗುತ್ತದೆಂದು ಎಲ್ಲರೂ ಅವಸರದಲ್ಲಿ ಅಡುಗೆಮನೆಯಲ್ಲಿ ಕುಳಿತಿದ್ದೆವು. ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ. ದಿನವೂ ಆ ಹೊತ್ತಿಗೆ ನಡುಮನೆಯ ಹಾಸಿಗೆಯಲ್ಲಿ ನಿದ್ದೆ ಹೋಗಿರುತ್ತಿದ್ದ ಎರಡು ವರ್ಷದ ತಮ್ಮ ಅಂದು ಹಟ ಮಾಡಿ ಅಪ್ಪನ ತೊಡೆಯ ಮೇಲಿದ್ದ. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಯಾರೋ ಒದ್ದೆ ಚೀಲ ಇಳಿಸಿದ ಹಾಗೆ ಒಂದು ಸದ್ದು, ಅಷ್ಟೇ. ತಿರುಗಿ ನೋಡಿದರೆ ಒಲೆಯ ಪಕ್ಕದ ಗೋಡೆಯಲ್ಲಿ ಬಾಗಿಲಿನಷ್ಟು ದೊಡ್ಡ ತೂತು. ಅದರಾಚೆ ನಡುಮನೆಯಲ್ಲಿ ತಮ್ಮನ ಹಾಸಿಗೆ ಇರಬೇಕಾದ ಜಾಗದಲ್ಲಿ ಕೆಸರಿನ ಗುಡ್ಡೆ. ಆಯಿಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಅವ್ವ ತಮ್ಮನನ್ನು ಅಪ್ಪನ ತೊಡೆಯಿಂದ ಕಸಿದುಕೊಂಡು, ಅವನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಸಾವು ಇಷ್ಟು ಮೆತ್ತಗೆ ಸಪ್ಪಳ ಮಾಡುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಅಪ್ಪ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು. ಆಯಿ, ಹಲಸಿನ ಗಿಡ ಹೋಗಬೇಕು ಅಂದಳು. ಅವ್ವ, ಅದೊಂದು ಕೇಳಬ್ಯಾಡ್ರಿ ಅಂದಳು. ಅಪ್ಪ ಯಾರ ಪರವೂ ಮಾತಾಡುವವರಲ್ಲ, ಅವರಿಗೆ ಪುರಾವೆ ಬೇಕು. ನನ್ನ ಕಡೆ ತಿರುಗಿದರು.

"ಪದ್ಮಿ, ಅಟ್ಟದ ಕಿಟಕ್ಯಾಗ ನೋಡಾಕಿ ನೀ ಒಬ್ಬಾಕಿ. ಪನ್ಹಳದಾಗ ಏನೈತಿ?"

"ಎಲಿ."

"ಎಂಥಾ ಎಲಿ?"

"ಹಲಸಿನ ಎಲಿ, ಅಪ್ಪಾ. ಕೊಳತಾವು."

ಅವ್ವ ನನ್ನತ್ತ ಬಗ್ಗಿ ಕೇಳಿದಳು. "ಎಷ್ಟ ಅದಾವ, ತಂಗೀ? ನಾಕಾ? ಐದಾ?"

"ಭಾಳ," ಅಂದೆ. "ತುಂಬ್ಯಾವು."

ಖರೇನೇ ತುಂಬಿದ್ದವು. ಅವ್ವನ ಕಸಬರಿಗೆಗೆ ತಪ್ಪಿಸಿಕೊಂಡ ಒಂದು ಬುಟ್ಟಿಯಷ್ಟು ಎಲೆ ನಾಲ್ಕು ತಿಂಗಳೂ ಮೇಲೆ ಕೆಳಗೆ ತಿರುಗುತ್ತಿತ್ತು. ಅದನ್ನು ತಿರುಗಿಸುತ್ತಿದ್ದವಳು ನಾನೇ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟೆನೆಂಬ ಸಮಾಧಾನದಲ್ಲಿ ಅಪ್ಪನ ಮುಖ ನೋಡುತ್ತ ನಿಂತಿದ್ದೆ.

ಚಾತುರ್ಮಾಸದಲ್ಲಿ ಹಸಿ ಮರ ಕಡಿಯುವಂತಿಲ್ಲ. ಕಾರ್ತಿಕ ಮುಗಿದ ಮೇಲೆ ಇಬ್ಬರು ಕೊಡಲಿಯವರು ಬಂದರು. ಆಯಿ ಅವತ್ತು ಉಪವಾಸವಿದ್ದು ಪಾಪದ ಭಾರ ಇಳಿಸಿಕೊಂಡಳು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ. ಅವ್ವ ಹೊರಗೆ ಬರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಮರ ನೆಲಕ್ಕೆ ಬಿದ್ದಾಗ ಅದು ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಆಮೇಲೆ ಅವ್ವ ಹಿತ್ತಲ ಬಾಗಿಲಿನಿಂದ ಬಾವಿಗೆ ಹೋಗುವುದನ್ನು ಬಿಟ್ಟಳು. ಮುಂದಿನ ಅಂಗಳದಿಂದ ಮನೆ ಸುತ್ತು ಹಾಕಿ ಹೋಗುತ್ತಿದ್ದಳು, ಕೊಡ ಹೊತ್ತು ಅದೇ ಸುತ್ತಿನಲ್ಲಿ ಬರುತ್ತಿದ್ದಳು.

ಬೇಸಿಗೆಯಲ್ಲಿ ಇಟ್ಟಂಗಿಯ ಹೊಸ ಗೋಡೆ ಎದ್ದಿತು. ಪರಶು ಮಾಮಾ ಪನ್ಹಳ ಬಳಿದು ಹೋದ. ಓಣಿಯಲ್ಲಿ ಸೊಳ್ಳೆ ಹೆಚ್ಚಾಗಿ, ಆರೋಗ್ಯದವರು ಮನೆಮನೆಗೂ ಬಂದು ಟಾಕಿಗಳಲ್ಲಿ ಸೊಳ್ಳೆಮರಿ ತಿನ್ನುವ ಸಣ್ಣ ಮೀನು ಬಿಟ್ಟು ಹೋದರು. ಆಯಿ ಹೌಹಾರಿದಳು. ಟಾಕಿಯ ನೀರನ್ನು ಅಡುಗೆಗೆ ಮುಟ್ಟುವುದೇ ಬಂದ್ ಆಯಿತು, ನೆಲ ಒರೆಸಲು, ಅರಿವೆ ಒಗೆಯಲು ಮಾತ್ರ ಬಳಸಿದೆವು. ಆದರೆ ಸೋಸುವುದು ಬಿಡಲಿಲ್ಲ. ಮಳೆ ಶುರುವಾದ ಮೇಲೆ ಎಂದಿನಂತೆ ಟಾಕಿಯ ನೀರನ್ನೇ ತಂಬಿಗೆಗೆ ತುಂಬಿ ಅರಿವೆ ತೊಳೆದು ನನ್ನ ಕೈಗೆ ಕೊಡುತ್ತಿದ್ದಳು. ಆ ನೀರಿನಲ್ಲಿ ಜೀರಿಗೆಯಷ್ಟು ಮರಿಮೀನು ಸೇರಿದ್ದರೆ ಅವಳ ಮಬ್ಬುಗಣ್ಣಿಗೆ ಹೇಗೆ ಕಾಣಬೇಕು?

ಹದಿನೈದು ದಿನದ ಮಳೆ. ಒಂದು ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವರು ಕೈ ನಿಲ್ಲಿಸಿದರು. ಪನ್ಹಳದ ಅಂಚು ದಾಟಿ ನೀರು ಹೊಸ ಗೋಡೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ಹಲಸಿನ ಮರವಿದ್ದ ಕಡೆ ಬರೀ ಆಕಾಶ. ಆಯಿ ಬಂದು ನೋಡಿದಳು, ಅವ್ವ ಬಂದು ನೋಡಿದಳು. ಚಾತುರ್ಮಾಸ ಇದ್ದರೂ ಇರಲಿ ಎಂದು ಅಪ್ಪ ಪರಶು ಮಾಮಾನನ್ನು ಕರೆಸಿದರು. ಅವನು ಏಣಿ ಹತ್ತಿ ಪನ್ಹಳಕ್ಕೆ ಕೈ ಹಾಕಿದವನೇ ಕೂಗಿದ.

"ಅರೇ ದೇವಾ! ಮಾಸ್ತರ, ಇಲ್ಲೆ ಮೀನ ಐತ್ರೀ!"

ಅವನು ಬೊಗಸೆ ಚಾಚಿದ. ರಾಡಿ ನೀರಿನಲ್ಲಿ ಒಂದು ಸಣ್ಣ ಮೀನು ಬಾಲ ಬಡಿಯುತ್ತಿತ್ತು. ಮಾಡಿನ ಮೇಲೆ, ಜೀವಂತ ಮೀನು! ಆಯಿ ಕೈಮುಗಿದಳು.

"ಮುಗಿಲಿಂದ ಬಿತ್ತೇನೋ ಪರಶ್ಯಾ?"

"ಮುಗಿಲಾಗ ಮೀನ ಎಲ್ಲಿ ಬರ್ತಾವ್ರಿ ಆಯಿ. ಇದು ನಿಮ್ಮ ಟಾಕ್ಯಾಗಿಂದು. ಈ ಪಾಚಿ, ರಾಡಿ, ಹೊಲಸೂ ಒಮ್ಮೆ ಕೆಳಗ ಹೋಗಿ ಬಂದದ್ದು. ನೋಡ್ರಿ, ಅರಿವಿ ಎಳಿ ಐತಿ ಇದರಾಗ. ಯಾರೋ ತಂದು ಹಾಕ್ಯಾರ."

ಅದೇ ಹೊತ್ತಿಗೆ ನಾನು ಹಿತ್ತಲಿನಿಂದ ಬಂದೆ, ಎರಡೂ ಕೈಯಲ್ಲಿ ತಂಬಿಗೆ ಹಿಡಿದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಇನ್ನೂ ತಿಳಿದಿರಲಿಲ್ಲ.

"ಸರೀರಿ ಮಾಮಾ," ಅಂದೆ, "ಇವತ್ತಿಂದು ಬಿಡೂದೈತಿ."

ಅವ್ವ ತಂಬಿಗೆಯೊಳಗೆ ಇಣುಕಿದಳು. ಪನ್ಹಳ ನೋಡಿದಳು. ಮತ್ತೆ ತಂಬಿಗೆ ನೋಡಿದಳು.

"ಇದನ್ನ ಬಾವಿಗೆ ಬಿಡೂದಿಲ್ಲೇನ್ ನೀ?"

"ಇಲ್ಲ. ಪನ್ಹಳಕ್ಕ."

"ಹ್ವಾದ ವರ್ಷನೂ?"

"ಟಾಕಿ ಕಟ್ಟಿದಾಗಿಂದೂ."

ಅವ್ವ ಹಲಸಿನ ಮರವಿದ್ದ ಕಡೆ ತಿರುಗಿದಳು. ಆಗ ನನಗೆ ತಿಳಿಯಿತು. ಅಲ್ಲಿ ನಿಂತ ನಿಂತಲ್ಲೇ, ಒಂದೇ ಸಲಕ್ಕೆ ಎಲ್ಲವೂ ತಿಳಿಯಿತು: ಗೋಡೆ, ತಮ್ಮನ ಹಾಸಿಗೆ, ಹಲಸು, ಪಡಸಾಲೆಯಲ್ಲಿ ನಾನು ಹೇಳಿದ ಮಾತು. ತಂಬಿಗೆ ಕೈಯಿಂದ ಜಾರಿ ಬಿತ್ತು. ಯಾರೂ ಎತ್ತಲಿಲ್ಲ. ಆಯಿ ಹೊಸ್ತಿಲ ಮೇಲೆ ಕುಸಿದು ಕುಳಿತು, "ಹಣ್ಣ ಬಿಡೂ ಗಿಡ, ಹಣ್ಣ ಬಿಡೂ ಗಿಡ," ಎಂದಷ್ಟೇ ಹೇಳುತ್ತಿದ್ದಳು. ಮೇಲಿದ್ದ ಪರಶು ಮಾಮಾನಿಗೆ ನಮ್ಮ ಮನೆಯ ಈ ಸಂಕಟವೇನು ಗೊತ್ತು? ಅವನು ತನ್ನ ಪಾಡಿಗೆ ಹೇಳುತ್ತಲೇ ಇದ್ದ. "ಪನ್ಹಳ ತನ್ನ ಕೆಲಸಾ ತಾ ಮಾಡ್ತೇತ್ರಿ. ಬಾಯಿಗೆ ಒಂದ ತಂತಿ ಜಾಳಗಿ ಕೂಡಸ್ತೀನಿ, ದೊಡ್ಡ ಎಲಿ ಅಲ್ಲೇ ನಿಲ್ತಾವು. ಮಳಿಗಿಂತ ಮೊದಲ ಒಮ್ಮೆ, ನಡುವ ಒಮ್ಮೆ ಕೈಲೇ ತಗೀರಿ. ಇಳದದ್ದನ್ನ ಮತ್ತ ಮ್ಯಾಲ ತರಬ್ಯಾಡ್ರಿ, ಅಷ್ಟ." ಆಮೇಲೆ ಆಯಿ ಬಸದಿಗೆ ಹೋಗಿ ಹಿರಿಯರೊಬ್ಬರನ್ನು ಕೇಳಿದಳು. ಮಳೆನೀರಿನ ಜೀವಗಳನ್ನು ಟಾಕಿಯ ಬದಿಯ ತೇವದ ನೆರಳಲ್ಲಿ ಬಿಟ್ಟರೂ ಆದೀತು ಎಂದು ಅವರು ನಿಂತಲ್ಲೇ ಹೇಳಿದರಂತೆ. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಪ್ರತಿ ವರ್ಷ ಸೊಸೆಯೇ ಮೊದಲು ಅತ್ತೆಯ ಕಾಲು ಮುಟ್ಟುವುದು. ಆ ವರ್ಷ ಆಯಿ ತಾನೇ ಅಡುಗೆಮನೆಗೆ ಬಂದು, ಒಲೆಯ ಮುಂದೆ ಕುಳಿತ ಸೊಸೆಗೆ ಕೈಮುಗಿದಳು.

"ಗಿಡಾ ನಾ ಕಡಸಿದ್ನೆವ್ವಾ. ಕ್ಷಮಾ ಮಾಡು."

ಅವ್ವ ಗಾಬರಿಯಾಗಿ ಎದ್ದು ಆ ಕೈಗಳನ್ನು ಹಿಡಿದುಕೊಂಡಳು. "ಮಾಡೀನ್ರಿ ಅತ್ಯಾರ, ಮಾಡೀನಿ," ಎನ್ನುತ್ತ ಅತ್ತಳು, ಆಯಿಯೂ ಅತ್ತಳು. ಅಪ್ಪ ಬಾಗಿಲಲ್ಲಿ ನಿಂತು, ವಿಚಾರ ಮಾಡದೆ ತೀರ್ಪು ಕೊಟ್ಟೆ ಅಂದರು. ಅವ್ವ ಅವರಿಗೂ ಕ್ಷಮಾ ಮಾಡಿದಳು. ಕೊನೆಗೆ ನಾನು ಹೋಗಿ ಅವ್ವನ ಕಾಲು ಮುಟ್ಟಿದೆ. ಉಳಿದ ವರ್ಷಗಳಲ್ಲಿ ನಾನು ಕೇಳುವ ಮೊದಲೇ ಗಲ್ಲ ಹಿಂಡಿ ಎಬ್ಬಿಸುತ್ತಿದ್ದಳು. ಆ ದಿನ ಎಬ್ಬಿಸಲಿಲ್ಲ. ಸಿಟ್ಟಿರಲಿಲ್ಲ.

"ನೀ ಸುಳ್ಳ ಹೇಳಿದ್ರ ಮಾಡ್ತಿದ್ದೆ, ತಂಗೀ. ನೀ ಖರೇನ ಹೇಳಿದಿ. ಖರೇ ಹೇಳಿದಾಕಿಗೆ ಏನಂತ ಕ್ಷಮಾ ಮಾಡ್ಲಿ ನಾ?"

ಅಷ್ಟು ಹೇಳಿ, ರೊಟ್ಟಿಗೆ ತುಪ್ಪ ಸವರಿ ನನ್ನ ಕೈಗಿಟ್ಟಳು. ತಿಂದೆ.

ಅವ್ವ ಈಗ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಕ್ಷಮಾವಣಿಯ ದಿನ ಬೆಳಿಗ್ಗೆ ನಾನು ತಪ್ಪದೆ ಫೋನ್ ಮಾಡುತ್ತೇನೆ. ಅವಳು ಅತ್ತ ಕಡೆಯಿಂದ ನಗುತ್ತಲೇ, "ಮಾಡೀನವ್ವಾ, ಈ ವರ್ಷದ್ದೆಲ್ಲಾ ಮಾಡೀನಿ," ಅನ್ನುತ್ತಾಳೆ. ಆ ವರ್ಷದ್ದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.